ಬಿಲದ ನಾಯಿಗೆ ಬಯಲುಸೀಮೆಯ ಮನೆ

ಕುಂಡದ ಮಣ್ಣೆಲ್ಲ ಕೆದಕಿ ಹಾಕುತ್ತೆ. ಕರೆದರೆ ಒಮ್ಮೆ ತಿರುಗಿ ನೋಡಿ ತನ್ನ ದಾರಿ ಹಿಡಿಯುತ್ತೆ. ಬೊಗಳೋಕೆ ಶುರುಮಾಡಿದರೆ ನಿಲ್ಲಿಸೋದಿಲ್ಲ. ಪಕ್ಕದ ಮನೆಯವರ ಕೋಳಿ ಹಿಡೀತು. ಜಾಕ್ ರಸೆಲ್ ಟೆರಿಯರ್ ಎಂಬ ಪುಟ್ಟ ಬೇಟೆನಾಯಿಯನ್ನು ತಂದ ಮನೆಗಳಲ್ಲಿ ಮರಿಗೆ ಏಳೆಂಟು ತಿಂಗಳು ತುಂಬುವಷ್ಟರಲ್ಲಿ ಈ ನಾಲ್ಕು ದೂರುಗಳು ಒಂದರ ಹಿಂದೊಂದು ಬರುತ್ತವೆ. ನಾಲ್ಕೂ ಬೇರೆ ಬೇರೆ ರೋಗ ಅಂದುಕೊಂಡು ನಾಲ್ಕಕ್ಕೂ ಬೇರೆ ಬೇರೆ ಮದ್ದು ಹುಡುಕುತ್ತಾರೆ. ಕುಂಡಕ್ಕೆ ಖಾರದಪುಡಿ, ಬೊಗಳಿದ್ದಕ್ಕೆ ಗದರಿಕೆ, ಓಡಿದ್ದಕ್ಕೆ ಸರಪಳಿ. ನಾಲ್ಕರ ಬೇರೂ ಒಂದೇ ಕಡೆ ಇದೆ, ಬಿಲದಲ್ಲಿ.

ಟೆರಿಯರ್ ಎಂಬ ಹೆಸರೇ ನೆಲದಿಂದ ಬಂದದ್ದು. ಲ್ಯಾಟಿನ್ ಭಾಷೆಯಲ್ಲಿ ಟೆರ್ರಾ ಅಂದರೆ ಮಣ್ಣು, ನೆಲ. ಇಂಗ್ಲೆಂಡಿನ ಡೆವನ್ ಸೀಮೆಯ ಪಾದ್ರಿ ಜಾನ್ ರಸೆಲ್ (1795–1883) ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, 1819ರಲ್ಲಿ, ಹಾಲಿನವನೊಬ್ಬನಿಂದ ಟ್ರಂಪ್ ಎಂಬ ಹೆಣ್ಣುನಾಯಿಯನ್ನು ಕೊಂಡ. ಇವತ್ತು ಅವನ ಹೆಸರು ಹೊತ್ತ ತಳಿಯ ಕಥೆ ಅಲ್ಲಿಂದ ಶುರು. ಇಂಗ್ಲೆಂಡಿನವರ ನರಿಬೇಟೆಯಲ್ಲಿ ದೊಡ್ಡ ನಾಯಿಗಳ ಹಿಂಡು ನರಿಯನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ನರಿ ಬಿಲ ಹೊಕ್ಕಿತೋ, ಹಿಂಡಿನ ಆಟ ಮುಗಿಯಿತು. ಆಗ ಒಳಗೆ ಇಳಿಯಬೇಕಾದದ್ದು ಟೆರಿಯರ್. ನರಿಯನ್ನು ಕೊಲ್ಲುವುದು ಅದರ ಕೆಲಸವಾಗಿರಲಿಲ್ಲ. ಎದುರಿಗೆ ನಿಂತು ಬೊಗಳಿ, ಪೀಡಿಸಿ, ನರಿ ತಾನಾಗಿ ಹೊರಗೆ ಹಾರುವಂತೆ ಮಾಡಬೇಕಿತ್ತು. ಗಲಾಟೆಯಲ್ಲಿ ಯಾರೂ ಅದನ್ನೇ ನರಿಯೆಂದು ತಪ್ಪು ತಿಳಿಯದಿರಲಿ ಅಂತ ಬಿಳಿ ಮೈಬಣ್ಣ.

ಈಗ ಆ ನಾಲ್ಕು ದೂರುಗಳನ್ನು ಮತ್ತೆ ನೋಡಿ. ಬಿಲದ ಬಾಯಿ ಕಿರಿದಾದರೆ ಅಗೆದು ಅಗಲ ಮಾಡಿಕೊಳ್ಳಬೇಕು. ಮಣ್ಣಿನಡಿ ನಾಲ್ಕಡಿ ಆಳದಲ್ಲಿರುವ ನಾಯಿ ಎಲ್ಲಿದೆ ಅಂತ ಮೇಲಿನವರಿಗೆ ತಿಳಿಯುವುದು ಅದರ ಬೊಗಳುವಿಕೆಯಿಂದಲೇ, ಹಾಗಾಗಿ ನಿಲ್ಲಿಸದೆ ಬೊಗಳುವ ನಾಯಿಯ ಮರಿಗಳನ್ನೇ ಆರಿಸಿ ಬೆಳೆಸಿದರು. ಕತ್ತಲಲ್ಲಿ ಒಡೆಯನ ಕೈಸನ್ನೆ ಕಾಣುವುದಿಲ್ಲ, ದನಿ ಕೇಳುವುದಿಲ್ಲ, ಮುಂದಕ್ಕೋ ಹಿಂದಕ್ಕೋ ಅಂತ ನಾಯಿಯೇ ತೀರ್ಮಾನಿಸಬೇಕು. ಕುರಿ ಕಾಯುವ ನಾಯಿ ಕುರುಬನ ಮುಖ ನೋಡುತ್ತದೆ. ನಮ್ಮ ಮುಧೋಳ ನಾಯಿ ಬಯಲಲ್ಲಿ ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುತ್ತದೆ, ಮನೆಗೆ ಬಂದರೆ ಮೂಲೆ ಹಿಡಿದು ಮಲಗುತ್ತದೆ. ಟೆರಿಯರ್ ಯಾರ ಮುಖವನ್ನೂ ನೋಡುವುದಿಲ್ಲ, ಬೇಗ ಮಲಗುವುದೂ ಇಲ್ಲ. ಅದು ಮೊಂಡುತನವಲ್ಲ, ಕಸುಬು. ಕೋಳಿಯ ವಿಚಾರ ಹೇಳಲೇಬೇಕಿಲ್ಲ. ಕಂಡದ್ದರ ಹಿಂದೆ ಓಡು, ಕಚ್ಚು, ಕೊಡವು ಎಂಬ ಮೂರು ಹೆಜ್ಜೆ ಈ ನಾಯಿಯ ರಕ್ತದಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಮೊದಲನೆಯದು ಶುರುವಾದರೆ ಮೂರನೆಯದು ಎರಡು ಸೆಕೆಂಡಿನಲ್ಲಿ ಮುಗಿದಿರುತ್ತದೆ.

ಆದ್ದರಿಂದ ಟೆರಿಯರ್ ಸಾಕಬೇಕು ಅನ್ನಿಸಿದವರು ಮರಿಯ ಮುದ್ದುಮುಖ ನೋಡುವ ಮೊದಲು ತಮ್ಮ ಮನೆಯ ಸುತ್ತಲಿನ ನೆಲ ನೋಡಬೇಕು. ಅದೂ ನಿಂತು ನೋಡಿದರೆ ಸಾಲದು, ಮಂಡಿಯೂರಿ ನೋಡಬೇಕು. ಕೋಲಾರ, ಚಿಕ್ಕಬಳ್ಳಾಪುರದ ಬಯಲು ಮೇಲ್ನೋಟಕ್ಕೆ ಬರಡು, ಕೆಳಗೆ ತೂತುಗಳ ಲೋಕ. ಕಲ್ಲುಕಟ್ಟಡದ ಬದುವಿನ ಸಂದು, ರಾಗಿಹುಲ್ಲಿನ ಬಣವೆಯ ಬುಡ, ಹಿಪ್ಪುನೇರಳೆ ತೋಟದ ಕಾಲುವೆ ದಂಡೆ, ಮುಚ್ಚಳ ಸರಿಯಿಲ್ಲದ ಸಂಪು, ಹಿತ್ತಲ ಹುತ್ತ. ಎಲ್ಲಕ್ಕಿಂತ ಮೊದಲು, ಬತ್ತಿಹೋದ ಕೊಳವೆಬಾವಿ.

ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಜಾಕ್ ರಸೆಲ್ ತಳಿಯ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ನಾಯಿಯ ಎತ್ತರ 25ರಿಂದ 30 ಸೆಂಟಿಮೀಟರ್, ತೂಕ 5ರಿಂದ 6 ಕಿಲೋ, ಮುಂಗಾಲಿನ ಹಿಂದೆ ಎದೆಯ ಸುತ್ತಳತೆ 40ರಿಂದ 43 ಸೆಂಟಿಮೀಟರ್. ನರಿಯ ಬಿಲದಲ್ಲಿ ನುಸುಳಬೇಕಲ್ಲ, ಅದಕ್ಕೇ ಎದೆ ಎರಡು ಅಂಗೈಯ ಹಿಡಿತಕ್ಕೆ ಸಿಗುವಷ್ಟಿರಬೇಕು. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಅಡ್ಡಳತೆ ಸುಮಾರು 13 ಸೆಂಟಿಮೀಟರ್. ನಮ್ಮ ಕಡೆ ಬೋರ್‌ವೆಲ್ಲಿಗೆ ಇಳಿಸುವ ಕೇಸಿಂಗ್ ಪೈಪು ಆರೂವರೆ ಇಂಚು, ಅಂದರೆ ಹದಿನಾರೂವರೆ ಸೆಂಟಿಮೀಟರ್. ಬೆಳೆದ ನಾಯಿಯೂ ತಲೆ ಕೆಳಗಾಗಿ ಸಲೀಸಾಗಿ ಇಳಿಯುತ್ತದೆ. ಸಾವಿರ ಅಡಿ ಕೊರೆದು ನೀರು ಬಾರದೆ ಬಿಟ್ಟ ಬಾವಿಗೆ ಗೋಣಿಚೀಲ ತುರುಕಿ ಕಲ್ಲು ಹೇರಿದ್ದರೆ ಅದು ಟೆರಿಯರ್‌ಗೆ ಮುಚ್ಚಳವಲ್ಲ, ಆಹ್ವಾನ. ಚೀಲದಡಿ ಹಲ್ಲಿಯೋ ಓತಿಯೋ ಇದ್ದೇ ಇರುತ್ತದೆ. ಕೇಸಿಂಗಿಗೆ ಕಬ್ಬಿಣದ ತಟ್ಟೆ ಇಟ್ಟು ವೆಲ್ಡ್ ಮಾಡಿಸಬೇಕು, ಕೇಸಿಂಗ್ ಕಿತ್ತುಕೊಂಡು ಹೋಗಿದ್ದರೆ ಮಣ್ಣು ತುಂಬಿಸಿ ಮೇಲೆ ಕಾಂಕ್ರೀಟ್ ಹಾಕಬೇಕು. ನಾಯಿಗಾಗಿ ಮಾಡದಿದ್ದರೂ ಮಕ್ಕಳಿಗಾಗಿ ಮಾಡಲೇಬೇಕಾದ ಕೆಲಸ ಇದು.

ಆಮೇಲೆ ಕಾಂಪೌಂಡು. ಆರು ಕಿಲೋ ನಾಯಿ ನಾಲ್ಕಡಿ ಗೋಡೆಯ ಮೇಲಂಚಿಗೆ ಮುಂಗಾಲು ಸಿಕ್ಕಿಸಿ ಹತ್ತಿಬಿಡುತ್ತದೆ, ಐದಡಿಯಾದರೂ ಬೇಕು. ಒಳಗೆ ಗೋಡೆಗೊರಗಿ ಸೌದೆ, ಹಾಲೋಬ್ಲಾಕ್, ನೀರಿನ ಡ್ರಮ್ಮು ಇದ್ದರೆ ಆರಡಿಯೂ ಸಾಲದು. ಚೈನ್‌ಲಿಂಕ್ ಬೇಲಿಯನ್ನು ಏಣಿಯಂತೆ ಏರುವ ಟೆರಿಯರ್‌ಗಳಿವೆ. ಗೇಟಿನ ಕೆಳಗೆ ಮೂರು ಇಂಚಿಗಿಂತ ಹೆಚ್ಚು ಸಂದು ಇರಕೂಡದು. ಬೇಲಿಯ ಬುಡಕ್ಕೆ ನಮ್ಮಲ್ಲಿ ಸುಲಭವಾಗಿ ಸಿಗುವ ಕಲ್ಲುಚಪ್ಪಡಿಯೇ ಒಳ್ಳೆಯ ಉಪಾಯ. ಒಂದೂವರೆ ಅಡಿ ಅಗಲದ ಚಪ್ಪಡಿಯನ್ನು ಬೇಲಿಗೆ ತಾಗಿಸಿ ಒಳಬದಿಯಲ್ಲಿ ನೆಲಕ್ಕೆ ಮಟ್ಟವಾಗಿ ಹಾಸಿದರೆ ಸಾಕು. ನಾಯಿ ಅಗೆಯುವುದು ಬೇಲಿಯ ಬುಡದಲ್ಲೇ ಹೊರತು ಒಂದೂವರೆ ಅಡಿ ಹಿಂದೆ ಸರಿದು ಸುರಂಗ ಕೊರೆಯುವ ಯೋಚನೆ ಅದಕ್ಕೆ ಬರುವುದು ಅಪರೂಪ. ಚಪ್ಪಡಿಯನ್ನು ಲಂಬವಾಗಿ ಹೂಳುವುದಕ್ಕಿಂತ ಇದಕ್ಕೆ ಕೂಲಿಯೂ ಕಡಿಮೆ.

ಹುತ್ತದ ಮಾತಿಗೆ ಬಂದರೆ ಎರಡು ತೊಡಕು. ಒಂದು, ಷಷ್ಠಿಗೋ ನಾಗರಪಂಚಮಿಗೋ ಹಾಲೆರೆದು ಮೊಟ್ಟೆಯಿಟ್ಟು ಬಂದ ಹುತ್ತವನ್ನು ನಿಮ್ಮ ನಾಯಿ ಅಗೆದು ಹಾಕಿದರೆ ಊರವರು ಸುಮ್ಮನಿರುವುದಿಲ್ಲ. ಹಾಲು, ಮೊಟ್ಟೆಯ ವಾಸನೆಗೆ ಅದು ಹೋಗಿಯೇ ಹೋಗುತ್ತದೆ, ಹಬ್ಬದ ದಿನ ಮತ್ತು ಮರುದಿನ ಹಗ್ಗ ಬಿಚ್ಚಬೇಡಿ. ಎರಡನೆಯದು ಹುತ್ತದ ಒಳಗಿರುವುದು.

ಬೇರೆ ನಾಯಿಗಳು ಹಾವು ಕಂಡರೆ ದೂರ ನಿಂತು ಬೊಗಳುತ್ತವೆ. ಟೆರಿಯರ್ ಹಿಡಿದು ಕೊಡವಲು ಹೋಗುತ್ತದೆ. ಕೇರೆಹಾವಿನ ಮುಂದೆ ನಡೆಯುವ ಆ ಆಟ ನಾಗರನ ಮುಂದೆ, ಕೊಳಕುಮಂಡಲದ ಮುಂದೆ ನಡೆಯುವುದಿಲ್ಲ. (ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ರಸೆಲ್ಸ್ ವೈಪರ್ ಎಂಬ ಹೆಸರು. ಆ ರಸೆಲ್ ಪಾದ್ರಿಯಲ್ಲ, ಭಾರತದ ಹಾವುಗಳನ್ನು ಅಭ್ಯಾಸ ಮಾಡಿದ ವೈದ್ಯ ಪ್ಯಾಟ್ರಿಕ್ ರಸೆಲ್. ಒಂದೇ ಹೆಸರಿನ ಎರಡು ಜೀವ ನಮ್ಮ ಹಿತ್ತಲಲ್ಲಿ ಎದುರಾಬದುರಾಗುವುದು ಯಾರಿಗೂ ಬೇಡ.) ನಾಗರ ಕಚ್ಚಿದರೆ ರೆಪ್ಪೆ ಜೋತುಬೀಳುತ್ತದೆ, ಹಿಂಗಾಲು ಸೋಲುತ್ತದೆ, ಉಸಿರು ಕಟ್ಟುತ್ತದೆ. ಕೊಳಕುಮಂಡಲವಾದರೆ ಮುಖವೋ ಕಾಲೋ ಬಾತು, ಕಚ್ಚಿದ ಜಾಗದಿಂದ ರಕ್ತ ನಿಲ್ಲದೆ ಒಸರುತ್ತದೆ, ಮೂತ್ರ ಕೆಂಪಾಗುತ್ತದೆ. ಮನುಷ್ಯರಿಗೆ ಕೊಡುವ ಪಾಲಿವ್ಯಾಲೆಂಟ್, ಅಂದರೆ ಹಲವು ಹಾವುಗಳ ವಿಷಕ್ಕೆ ಆಗುವ, ವಿಷನಿರೋಧಕವೇ ನಾಯಿಗೂ. ನಾಯಿ ಚಿಕ್ಕದು, ಔಷಧಿಯೂ ಚಿಕ್ಕ ಪ್ರಮಾಣ ಸಾಕು ಅನ್ನುವುದು ತಪ್ಪು ಲೆಕ್ಕ. ಔಷಧಿಯ ಅಳತೆ ಮೈತೂಕಕ್ಕಲ್ಲ, ಒಳಗೆ ಹೋದ ವಿಷಕ್ಕೆ. ಹಾವು ಆರು ಕಿಲೋ ನಾಯಿಗೂ ಅರವತ್ತು ಕಿಲೋ ಮನುಷ್ಯನಿಗೂ ವಿಷ ಅಳೆದು ಬಿಡುವುದಿಲ್ಲ. ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಕೊರಳಪಟ್ಟಿ ಬಿಚ್ಚಿ, ಎತ್ತಿಕೊಂಡು ಹೊರಡಿ. ಎಲ್ಲಿಗೆ ಅನ್ನುವುದನ್ನು ಮಾತ್ರ ಆ ರಾತ್ರಿ ಯೋಚಿಸುವಂತಿರಬಾರದು. ನಿಮ್ಮ ತಾಲ್ಲೂಕಿನ ಯಾವ ಪಶುವೈದ್ಯರ ಬಳಿ ವಿಷನಿರೋಧಕ ಇರುತ್ತದೆ, ರಾತ್ರಿ ಯಾರು ಫೋನ್ ಎತ್ತುತ್ತಾರೆ ಅಂತ ಮರಿ ತಂದ ವಾರದಲ್ಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ. ಕೋಲಾರದಿಂದ ಬೆಂಗಳೂರು ಎಪ್ಪತ್ತು ಕಿಲೋಮೀಟರ್, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇರುವುದೂ ಅಲ್ಲೇ. ಆದರೆ ನಾಗರನ ವಿಷ ಅಷ್ಟು ದೂರ ಕಾಯುತ್ತದೆ ಅಂತ ಭರವಸೆಯಿಲ್ಲ.

ರಾತ್ರಿ ಹೊರಗೆ ಬಿಡುವ ಪದ್ಧತಿ ಈ ನಾಯಿಗೆ ಬೇಡವೇ ಬೇಡ. ಹಗಲು ಕಟ್ಟು, ರಾತ್ರಿ ಬಿಚ್ಚು ಎಂಬ ಹಳ್ಳಿಯ ಕ್ರಮ ನಾಟಿನಾಯಿಗೆ ಹೊಂದುತ್ತದೆ, ಅದಕ್ಕೆ ಎಲ್ಲಿ ನಿಲ್ಲಬೇಕೆಂದು ಗೊತ್ತು. ಕಟ್ಟುಹಾವು ಓಡಾಡುವುದೂ ರಾತ್ರಿ, ಬೆಟ್ಟದ ಬುಡದ ಊರುಗಳಿಗೆ ಚಿರತೆ ಇಳಿಯುವುದೂ ರಾತ್ರಿ. ಟೆರಿಯರ್ ಮಲಗಬೇಕಾದದ್ದು ಮನೆಯೊಳಗೆ. ಡಿಸೆಂಬರ್ ಚಳಿಯಲ್ಲಿ ಗಿಡ್ಡಕೂದಲಿನ ಈ ನಾಯಿಗೆ ಗೋಣಿಯ ಮೇಲೊಂದು ಕಂಬಳಿ ಬೇಕು. ಅದು ಕಂಬಳಿಯ ಮೇಲೆ ಮಲಗುವುದಿಲ್ಲ, ಅಡಿಗೆ ನುಸುಳಿ ಮಲಗುತ್ತದೆ. ಅಲ್ಲೂ ಬಿಲವೇ.

ಇನ್ನು ಇಲಿ. ಟೆರಿಯರ್ ತಂದರೆ ಇಲಿಕಾಟ ತಪ್ಪುತ್ತದೆ ಅನ್ನುವುದು ಅರ್ಧ ನಿಜ. ಬೆಕ್ಕು ಬಿಲದ ಬಾಯಲ್ಲಿ ಗಂಟೆಗಟ್ಟಲೆ ಕಾಯುತ್ತದೆ, ಟೆರಿಯರ್ ಕಾಯುವ ಜಾತಿಯಲ್ಲ. ಇಲಿ ಓಡಿದರೆ ಅದು ಕೆಲಸಕ್ಕೆ ಬರುತ್ತದೆ, ಓಡಿಸುವವರು ನಾವಾಗಬೇಕು. ಬಣವೆ ಬಿಚ್ಚಿ ಜಾಗ ಬದಲಿಸುವ ದಿನ, ಕಣಜದ ಚೀಲ ಸರಿಸುವ ದಿನ, ಹಳೆ ಮರಮುಟ್ಟಿನ ರಾಶಿ ತೆಗೆಯುವ ದಿನ ಅದರದು. ಬದುವಿನಲ್ಲಾದರೆ ಸಂಜೆ ಎಲ್ಲ ತೂತುಗಳನ್ನೂ ಮಣ್ಣಿನಿಂದ ಮುಚ್ಚಿ, ಬೆಳಗ್ಗೆ ಯಾವುದು ತೆರೆದಿದೆ ನೋಡಿ. ಇಲಿ ಇರುವುದು ಅದರಲ್ಲಿ ಮಾತ್ರ, ಉಳಿದವು ಖಾಲಿ. ನಾಯಿಯನ್ನು ತೆರೆದ ತೂತಿಗೆ ಮಾತ್ರ ಕರೆದೊಯ್ದರೆ ಅದರ ಉತ್ಸಾಹ ವ್ಯರ್ಥವಾಗುವುದಿಲ್ಲ, ನಿಮ್ಮ ಬದುವೂ ಉಳಿಯುತ್ತದೆ. ಒಂದು ಗುದ್ದಲಿ, ಇಬ್ಬರು ಮನುಷ್ಯರು, ಒಂದೇ ನಾಯಿ. ಎರಡು ಟೆರಿಯರ್ ಬಿಟ್ಟರೆ ಇಲಿಗಿಂತ ಮೊದಲು ಅವೇ ಕಚ್ಚಾಡಿಕೊಳ್ಳುತ್ತವೆ. ಹೆಗ್ಗಣ ಮಾತ್ರ ಎದುರು ಕಚ್ಚುವ ಪ್ರಾಣಿ. ಅದರ ಹಲ್ಲಿನ ಗಾಯ ಮೇಲೆ ಚಿಕ್ಕದು, ಒಳಗೆ ಆಳ, ಮೂರನೆಯ ದಿನಕ್ಕೆ ಕೀವು. ಅವತ್ತೇ ಸಾಬೂನು ನೀರಿನಲ್ಲಿ ತೊಳೆದು ಅಯೋಡಿನ್ ಹಚ್ಚಿ, ಮರುದಿನ ವೈದ್ಯರಿಗೆ ತೋರಿಸಬೇಕು.

ರೇಷ್ಮೆ ಮನೆಯವರಿಗೊಂದು ಮಾತು. ಶಿಡ್ಲಘಟ್ಟ, ಚಿಂತಾಮಣಿ ಕಡೆ ಹುಳುಮನೆಯ ಇಲಿಗಾಗಿ ಟೆರಿಯರ್ ತರುವ ಆಲೋಚನೆ ಬಂದರೆ, ನಾಯಿಯನ್ನು ಹುಳುಮನೆಯ ಹೊರಗೆ, ಸೊಪ್ಪಿನ ಕೋಣೆಯಿಂದಾಚೆ ಇಡಿ. ಒಳಗೆ ಅದರ ಕೂದಲು, ಕಾಲಿನ ಮಣ್ಣು ಹುಳುವಿಗೆ ರೋಗ ತರುತ್ತದೆ. ಸೋಂಕು ನಿವಾರಣೆಗೆ ಸಿಂಪಡಿಸುವ ಫಾರ್ಮಲಿನ್ನು, ಎರಚುವ ಸುಣ್ಣ, ಬ್ಲೀಚಿಂಗ್ ಪುಡಿ ನಾಯಿಯ ಕಣ್ಣು, ಪಾದ, ಮೂಗನ್ನು ಸುಡುತ್ತದೆ.

ಟೆರಿಯರ್ ಇರುವ ಮನೆಯಲ್ಲಿ ಇಲಿಪಾಷಾಣ ಇರಕೂಡದು. ಇದರಲ್ಲಿ ರಾಜಿಯಿಲ್ಲ. ಅಂಗಡಿಯಲ್ಲಿ ಸಿಗುವ ಕಪ್ಪುಬೂದು ಬಣ್ಣದ ಪುಡಿ ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಾಗಿದರೆ ಫಾಸ್ಫಿನ್ ಅನಿಲವಾಗುತ್ತದೆ, ಅದಕ್ಕೆ ಪ್ರತಿಮದ್ದಿಲ್ಲ. ಹಾಲು ಕುಡಿಸಿದರೆ, ಅನ್ನ ತಿನ್ನಿಸಿದರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ವಿಷ ತಿಂದ ನಾಯಿಗೆ ಹಾಲು ಎಂಬ ನಮ್ಮ ಕೈಮದ್ದು ಇಲ್ಲಿ ತಿರುಗುಬಾಣ. ವಾಂತಿಯಲ್ಲಿ ಬೆಳ್ಳುಳ್ಳಿಯ, ಕೊಳೆತ ಮೀನಿನ ವಾಸನೆ ಬಂದರೆ ಕಿಟಕಿ ಬಾಗಿಲು ತೆರೆಯಿರಿ, ಆ ಅನಿಲ ಮನುಷ್ಯರಿಗೂ ವಿಷ. ಕೇಕಿನ ರೂಪದಲ್ಲಿ ಬರುವ ಬ್ರೋಮಾಡಿಯೋಲೋನ್ ಇನ್ನೊಂದು ಬಗೆ. ಇದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಆದರೆ ಮೂರರಿಂದ ಐದು ದಿನ ಏನೂ ಕಾಣುವುದಿಲ್ಲ. ಆಮೇಲೆ ಒಸಡು ಬಿಳುಚುತ್ತದೆ, ಮಲ ಕಪ್ಪಾಗುತ್ತದೆ, ಕೆಮ್ಮು, ಸುಸ್ತು. ಇದಕ್ಕೆ ಮದ್ದಿದೆ, ವಿಟಮಿನ್ ಕೆ1, ವಾರಗಟ್ಟಲೆ ಕೊಡಬೇಕು. ವಿಷ ತಿಂದು ಸಾಯುತ್ತಿರುವ ಇಲಿ ನಿಧಾನವಾಗಿ ಓಡುತ್ತದೆ, ಟೆರಿಯರ್‌ಗೆ ಸುಲಭದ ತುತ್ತು. ಆದ್ದರಿಂದ ಪಕ್ಕದ ತೋಟದವರಿಗೂ ಹೇಳಿಟ್ಟಿರಬೇಕು. ಪೊಟ್ಟಣದ ಹೆಸರಿರುವ ಕಾಗದ ಬಿಸಾಡಬೇಡಿ, ವೈದ್ಯರು ಮೊದಲು ಕೇಳುವುದೇ ಅದನ್ನು.

ಇಲಿ, ಹೆಗ್ಗಣದ ಆಚೆಗೆ ಬಿಲದಲ್ಲಿರುವ ಉಳಿದವರ ಬೇಟೆ ಅಪರಾಧ. ಗುಳ್ಳೆನರಿ, ಮುಂಗುಸಿ, ಉಡ, ಕಾಡುಮೊಲ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ನಾಯಿ ಬಿಟ್ಟು ಹಿಡಿಸಿದರೂ ಬೇಟೆಯೇ. ‘ನಾಯಿ ತಾನಾಗಿ ಹೋಯಿತು’ ಅನ್ನುವ ಮಾತು ಉಪಯೋಗಕ್ಕೆ ಬರುವುದಿಲ್ಲ. ಕುರುಚಲು ಕಾಡಿನಲ್ಲಿ, ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಿನ ಆಸುಪಾಸಿನಲ್ಲಿ ಹಗ್ಗ ಬಿಚ್ಚಬಾರದು. ಬೇಲಿಯಿಲ್ಲದ ಎಲ್ಲ ಕಡೆಗೂ ಇದೇ ನಿಯಮ ಇಟ್ಟುಕೊಂಡರೆ ನಾಯಿಯ ಆಯುಸ್ಸೂ ಗಟ್ಟಿ.

ಕರೆದರೆ ಬರುವುದನ್ನು ಕಲಿಸಲಾಗದೇ? ಕಲಿಸಬಹುದು, ಆದರೆ ಮೊದಲು ಮನೆಯವರು ಕಲಿಯಬೇಕು. ಕೋಲಾರದ ಮನೆಯಲ್ಲಿ ಅಜ್ಜಿ ‘ರಾ’ ಅಂತಾರೆ, ಅಮ್ಮ ‘ಬಾ’ ಅಂತಾರೆ, ಮಕ್ಕಳು ‘ಕಮ್’ ಅಂತಾರೆ. ಸಾಲದ್ದಕ್ಕೆ ‘ಊಟಕ್ಕೆ ಬಾ’, ‘ಇಲ್ಲಿ ಬಾರೋ’ ಅಂತ ದಿನಕ್ಕೆ ನೂರು ಸಲ ಬೇರೆಯವರಿಗೆ ಹೇಳುವ ಮಾತೂ ಅದೇ. ಅದಕ್ಕೆ ನಾಯಿಗೆ ‘ಬಾ’ ಎಂಬುದು ಮನೆಯ ಸದ್ದುಗಳಲ್ಲಿ ಒಂದಾಗಿಬಿಡುತ್ತದೆ. ಇನ್ನೊಂದು ತೊಂದರೆ ‘ಬಾ’, ‘ಬಿಡು’, ‘ಬೇಡ’ ಮೂರೂ ಒಂದೇ ಅಕ್ಷರದಿಂದ ಶುರುವಾಗುವುದು. ದೂರದಿಂದ ಕೂಗಿದರೆ ನಾಯಿಗೆ ಯಾವುದು ಯಾವುದೆಂದು ಗೊಂದಲವಾಗಬಹುದು. ಕರೆಯಲು ಸೀಟಿ ಒಳ್ಳೆಯದು, ಪಿ.ಟಿ. ಮೇಷ್ಟ್ರ ಸೀಟಿಯೇ ಸಾಕು. ಬಾಯಿಂದ ಕಿತ್ತುಹಾಕಲು ‘ಬಿಡು’ ಇರಲಿ, ನಿಲ್ಲಿಸಲು ‘ಸಾಕು’. ‘ಬೇಡ’ ಅನ್ನುವುದನ್ನು ನಾಯಿಗೆ ಹೇಳಲೇಬೇಡಿ.

ಸೀಟಿಯ ಪಾಠ ಹೀಗೆ. ಮೊದಲ ಎರಡು ವಾರ ಮನೆಯೊಳಗೆ ಮಾತ್ರ, ಒಂದು ಸೀಟಿಗೆ ಒಂದು ಚೂರು ಬೇಯಿಸಿದ ಕೋಳಿ, ದಿನಕ್ಕೆ ಹತ್ತು ಸಲ. ಆಮೇಲೆ ಹತ್ತು ಮೀಟರ್ ಉದ್ದದ ಹಗುರ ಹಗ್ಗ ಕಟ್ಟಿ ಹಿತ್ತಲಲ್ಲಿ, ಆಮೇಲೆ ಖಾಲಿ ಗದ್ದೆಯಲ್ಲಿ. ಹಗ್ಗವನ್ನು ಎದೆಪಟ್ಟಿಗೆ ಕಟ್ಟಬೇಕು, ಕೊರಳಿಗಲ್ಲ. ಪೂರ್ತಿ ವೇಗದಲ್ಲಿ ಓಡಿ ಹಗ್ಗದ ತುದಿ ಮುಟ್ಟಿದರೆ ಕತ್ತು ಉಳುಕುತ್ತದೆ. ಊದಿದ್ದು ಒಂದೇ ಸಲವಾಗಿರಲಿ. ಬರದಿದ್ದರೆ ಮತ್ತೆ ಊದದೆ ಹಗ್ಗ ಸುತ್ತಿಕೊಳ್ಳುತ್ತಾ ನೀವೇ ಹತ್ತಿರ ಹೋಗಿ. ಬಂದ ಮೇಲೆ ಬೈಯುವುದು, ಬಂದ ಕೂಡಲೇ ಕಟ್ಟಿಹಾಕುವುದು, ಸ್ನಾನಕ್ಕೆ ಎಳೆಯುವುದು, ಇವು ಆರು ತಿಂಗಳ ಪಾಠವನ್ನು ಒಂದು ವಾರದಲ್ಲಿ ಅಳಿಸುತ್ತವೆ. ಇಷ್ಟೆಲ್ಲ ಕಲಿತ ಟೆರಿಯರ್ ಕೂಡ ಅಳಿಲು ಓಡಿದ ಕ್ಷಣ ಸೀಟಿ ಕೇಳುವುದಿಲ್ಲ. ಅದು ನಿಮ್ಮ ಸೋಲಲ್ಲ. ಅಳಿಲು ಮರ ಹತ್ತಿದ ಮೇಲೆ ಊದಿ.

ಕಲಿಸುವುದಕ್ಕಿಂತ ಹೆಚ್ಚು ಫಲ ಕೊಡುವುದು ಕೆಲಸ ಕೊಡುವುದು. ಅಗೆಯುವ ನಾಯಿಗೆ ಅಗೆಯುವ ಜಾಗ ಮಾಡಿ. ಹಿತ್ತಲ ನೆರಳಿನಲ್ಲಿ ಐದಡಿ ಉದ್ದ, ಮೂರಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೆಗೆದು, ಅರ್ಧ ಮರಳು ಅರ್ಧ ಕೆಮ್ಮಣ್ಣು ಕಲಸಿ ತುಂಬಿ. ಬರೀ ಕೆಮ್ಮಣ್ಣು ಬೇಸಿಗೆಯಲ್ಲಿ ಕಲ್ಲಾಗುತ್ತದೆ, ಬರೀ ಮರಳು ಕುಸಿದು ಬೇಸರ ತರಿಸುತ್ತದೆ. ಬೆಳಗ್ಗೆ ಒಂದು ಬಿಂದಿಗೆ ನೀರು ಚಿಮುಕಿಸಿ, ತೆಂಗಿನ ಚಿಪ್ಪಿನೊಳಗೆ ತಿಂಡಿಯಿಟ್ಟು ನಾಲ್ಕೈದು ಕಡೆ ಹೂತಿಡಿ. ಮೊದಲ ವಾರ ಬೆರಳುದ್ದ ಆಳ, ಆಮೇಲೆ ಮೊಳದುದ್ದ. ಕುಂಡ ಕೆದಕುವಾಗ ಕಂಡರೆ ಗದರದೆ ಎತ್ತಿ ತಂದು ಗುಂಡಿಯಲ್ಲಿ ಬಿಡಿ. ಮೂರು ವಾರದಲ್ಲಿ ಕುಂಡಕ್ಕೆ ಬಿಡುವು ಸಿಗುತ್ತದೆ.

ಇದಕ್ಕಿಂತ ನನಗೆ ಹೆಚ್ಚು ಇಷ್ಟ ಸುರಂಗ. ಅಮೆರಿಕದಲ್ಲಿ 1971ರಿಂದ ಟೆರಿಯರ್‌ಗಳಿಗೆಂದೇ ಒಂದು ಸಂಘವಿದ್ದು, ಒಂಬತ್ತು ಇಂಚು ಅಗಲ, ಒಂಬತ್ತು ಇಂಚು ಎತ್ತರದ ಕೃತಕ ಬಿಲದಲ್ಲಿ ನಾಯಿಗಳ ಪರೀಕ್ಷೆ ನಡೆಸುತ್ತದೆ. ನಮ್ಮ ಇಟ್ಟಿಗೆಯ ಉದ್ದವೂ ಹೆಚ್ಚುಕಡಿಮೆ ಒಂಬತ್ತು ಇಂಚು, ಅಗಲ ನಾಲ್ಕೂವರೆ, ಹಾಗಾಗಿ ಅಳತೆಪಟ್ಟಿಯೂ ಬೇಡ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಎರಡು ವರಸೆ ಜೋಡಿಸಿದರೆ ಒಂಬತ್ತು ಇಂಚಿನ ಗೋಡೆ, ಎದುರು ಗೋಡೆ ಒಂದು ಇಟ್ಟಿಗೆಯಷ್ಟು ದೂರ. ಉದ್ದ ಹತ್ತಡಿ, ನಡುವೆ ಒಂದು ತಿರುವು. ಸಿಮೆಂಟು ಹಾಕಬೇಡಿ, ಹೊರಬದಿಗೆ ಮಣ್ಣು ಒತ್ತಿ. ಮೇಲೆ ಮರದ ಹಲಗೆ ಮಾತ್ರ, ಚಪ್ಪಡಿಯಲ್ಲ. ನಾಯಿ ಸಿಕ್ಕಿಕೊಂಡರೆ ಒಂದೇ ಕೈಯಲ್ಲಿ ಎತ್ತುವಂತಿರಬೇಕು. ಸಿಮೆಂಟ್ ಪೈಪು ಸುಲಭ ಅನ್ನಿಸುತ್ತದೆ, ಏಪ್ರಿಲಿನಲ್ಲಿ ಅದು ಒಲೆ. ಮೊದಲ ದಿನ ಮೂರಡಿ ಉದ್ದವಿಟ್ಟು ಹಲಗೆ ಮುಚ್ಚದೆ ನಡೆಸಿ, ದಿನಕ್ಕೊಂದು ಹಲಗೆ ಮುಚ್ಚುತ್ತಾ, ಉದ್ದ ಬೆಳೆಸುತ್ತಾ ಹೋಗಿ. ಆ ತುದಿಯಲ್ಲಿ ಒಣಮೀನು ಕಟ್ಟಿದ ಬಟ್ಟೆ. ಜೀವಂತ ಇಲಿಯನ್ನು ಬೋನಿನಲ್ಲಿಡುವ ಕ್ರಮ ಬೇಡ, ಇಲಿಯ ಮೂತ್ರ ತಾಗಿದ ಬಟ್ಟೆಯೂ ಬೇಡ, ಇಲಿಜ್ವರ ಬರುವುದು ಅದರಿಂದಲೇ. ಒಳಗೆ ಹೋಗಿ, ಹುಡುಕಿ, ಹೊರಗೆ ಬಂದ ಟೆರಿಯರ್‌ನ ಮುಖದಲ್ಲಿ ಕಾಣುವ ನೆಮ್ಮದಿ ಎರಡು ಗಂಟೆ ಓಡಿಸಿದರೂ ಬರುವುದಿಲ್ಲ. ಬರೀ ಓಡಿಸಿದರೆ ನಾಯಿ ದಣಿಯುವುದಿಲ್ಲ, ಓಟಗಾರನಾಗುತ್ತದೆ. ಮೂಗು ದುಡಿದರೆ ದಣಿಯುತ್ತದೆ. ಬೆಳಗ್ಗೆ ಸಂಜೆ ಅರ್ಧರ್ಧ ಗಂಟೆ ನಡಿಗೆ, ಹದಿನೈದು ನಿಮಿಷ ಹುಡುಕಾಟ, ಇಷ್ಟಾದರೆ ಉಳಿದ ಹೊತ್ತು ಅದು ಮನೆಯ ನಾಯಿ. ಬೇಸಿಗೆಯಲ್ಲಿ ಬೆಳಗ್ಗೆ ಎಂಟೂವರೆಯ ಮೇಲೆ ಟಾರು ರಸ್ತೆ ಬೇಡ. ಅಂಗೈಯ ಹಿಂಭಾಗವನ್ನು ಏಳು ಸೆಕೆಂಡು ರಸ್ತೆಗೆ ಒತ್ತಿ ಹಿಡಿಯಲಾಗದಿದ್ದರೆ ಪಾದವೂ ಸುಡುತ್ತದೆ.

ಮನೆಯೊಳಗಿನ ವಿಷಯದಲ್ಲಿ ಮಕ್ಕಳದ್ದೇ ಮುಖ್ಯ. ಟೆರಿಯರ್ ಮಕ್ಕಳೊಡನೆ ಗಂಟೆಗಟ್ಟಲೆ ಆಡುತ್ತದೆ, ಆದರೆ ಬಾಲ ಎಳೆದರೆ ಲ್ಯಾಬ್ರಡಾರ್‌ನಂತೆ ಸಹಿಸುವುದಿಲ್ಲ. ಬಾಯಲ್ಲಿರುವುದನ್ನು ಕಿತ್ತುಕೊಂಡರೆ ಹಿಡಿತ ಬಿಗಿಮಾಡುತ್ತದೆ. ಕೊಟ್ಟು ತೆಗೆದುಕೊಳ್ಳುವುದನ್ನು ಕಲಿಸಿ, ಚಪ್ಪಲಿ ಬಿಟ್ಟರೆ ಮೊಟ್ಟೆಯ ಚೂರು. ನಾಯಿ ತಿನ್ನುವಾಗ, ಕಂಬಳಿಯಡಿ ಮಲಗಿರುವಾಗ ಮಗು ಹತ್ತಿರ ಹೋಗಬಾರದು. ಆರು ವರ್ಷದೊಳಗಿನ ಮಗುವಿನೊಡನೆ ನಾಯಿಯನ್ನು ಒಂಟಿಯಾಗಿ ಬಿಡುವುದು ಒಂದು ನಿಮಿಷಕ್ಕೂ ಬೇಡ. ಗಾಯ ಆಗಿಯೇಬಿಟ್ಟರೆ, ಸಾಕಿದ ನಾಯಿ, ಲಸಿಕೆ ಹಾಕಿಸಿದ್ದೇವೆ ಅಂತ ಸುಮ್ಮನಾಗದೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಮೊದಲೇ ಇರುವ ಬೆಕ್ಕಿನೊಡನೆ ಎರಡು ತಿಂಗಳ ಮರಿ ಹೊಂದಿಕೊಳ್ಳಬಹುದು, ಪಕ್ಕದ ಮನೆಯ ಬೆಕ್ಕಿಗೆ ಆ ಒಪ್ಪಂದ ಅನ್ವಯಿಸುವುದಿಲ್ಲ. ನಾಟಿಕೋಳಿ ಮೇಯಲು ಬಿಡುವವರು ಟೆರಿಯರ್ ಆಸೆಯನ್ನು ಬಿಡುವುದೇ ಮೇಲು.

ಊಟದ ವಿಚಾರದಲ್ಲಿ ನಮ್ಮ ಸೀಮೆಯ ಹೆಮ್ಮೆ ಮುದ್ದೆ. ನಾಯಿಗೆ ಮುದ್ದೆ ಕೆಟ್ಟದ್ದಲ್ಲ, ಬರೀ ಮುದ್ದೆ ಹಾಲು ಕೆಟ್ಟದ್ದು. ಚಟುವಟಿಕೆಯ ಆರು ಕಿಲೋ ನಾಯಿಗೆ ದಿನಕ್ಕೆ ಸುಮಾರು 450 ಕಿಲೋಕ್ಯಾಲೊರಿ ಬೇಕು. 40 ಗ್ರಾಂ ರಾಗಿಹಿಟ್ಟು ಚೆನ್ನಾಗಿ ಬೇಯಿಸಿ, 150 ಗ್ರಾಂ ಮೂಳೆಯಿಲ್ಲದ ಕೋಳಿ, ಒಂದು ಮೊಟ್ಟೆ, ಒಂದು ಹಿಡಿ ಸಿಹಿಗುಂಬಳ ಅಥವಾ ಕ್ಯಾರೆಟ್, ಒಂದು ಚಮಚ ಎಣ್ಣೆ, ಎರಡು ಹೊತ್ತಿಗೆ ಹಂಚಿದರೆ ಲೆಕ್ಕ ಸರಿಹೋಗುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಹೆಚ್ಚು ಅನ್ನುವುದು ನಿಜ, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ಆದರೆ 40 ಗ್ರಾಮಿಗೆ ಬರುವುದು 140, ನಾಯಿಗೆ ಬೇಕಾದದ್ದು 500ರ ಆಸುಪಾಸು. ಮೊಟ್ಟೆಚಿಪ್ಪನ್ನು ಹುರಿದು ನುಣ್ಣಗೆ ಪುಡಿ ಮಾಡಿ ಕಾಲು ಟೀಚಮಚ ಬೆರೆಸಿದರೆ ಆ ಕೊರತೆ ತುಂಬುತ್ತದೆ. ಉಳಿದ ಖನಿಜ, ವಿಟಮಿನ್ನುಗಳಿಗೆ ವೈದ್ಯರನ್ನು ಕೇಳಿ. ಬೆಳೆಯುವ ಮರಿಗೆ ಈ ಲೆಕ್ಕ ಸಲ್ಲದು, ಅದಕ್ಕೆ ಮರಿಗಳ ಪ್ಯಾಕೆಟ್ ಆಹಾರವೇ ಸುರಕ್ಷಿತ. ಬೂಷ್ಟು ಹಿಡಿದ ಕಡಲೆಕಾಯಿ, ಹಿಂಡಿ ಅದರ ಬಾಯಿಗೆ ಸಿಗಬಾರದು, ಆ ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ.

ಈ ಸೀಮೆಯಲ್ಲಿ ನಾಯಿಗೆ ಅಪಾಯವಾಗುವ ಮೂರು ಸಂಗತಿಗಳು ನಮ್ಮ ಮುಖ್ಯ ಬೆಳೆಗಳೇ ಆಗಿರುವುದು ಒಂದು ವಿಪರ್ಯಾಸ. ಚಿಕ್ಕಬಳ್ಳಾಪುರದ ದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತದೆ. ಇಷ್ಟೇ ತಿಂದರೆ ಅಪಾಯ ಎಂಬ ಗೆರೆಯಿಲ್ಲ, ಕೆಲವು ನಾಯಿಗೆ ನಾಲ್ಕು ಹಣ್ಣೇ ಸಾಕು. ಕಾರಣ ಏನೆಂದು ಬಹಳ ಕಾಲ ತಿಳಿದಿರಲಿಲ್ಲ, 2021ರಲ್ಲಿ ಅಮೆರಿಕದ ಪಶುವೈದ್ಯರು ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಅದೇ ಆಮ್ಲ ಹುಣಸೆಯಲ್ಲಿ ಇನ್ನೂ ಹೆಚ್ಚು. ಹಾಗಾಗಿ ಮಾಘ, ಫಾಲ್ಗುಣದಲ್ಲಿ ಅಂಗಳದಲ್ಲಿ ಹುಣಸೆ ಬಡಿದು ಬೀಜ ತೆಗೆಯುವಾಗ ನಾಯಿ ಒಳಗಿರಲಿ. ಹುಣಸೆ, ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರನ್ನು ಮುದ್ದೆಗೆ ಸುರಿಯುವ ಅಭ್ಯಾಸ ಬಿಡಿ, ಆ ಎರಡು ಗಡ್ಡೆಗಳೂ ಕೆಂಪು ರಕ್ತಕಣ ಒಡೆಯುತ್ತವೆ. ಮೂರನೆಯದು ಶ್ರೀನಿವಾಸಪುರದ ಮಾವು. ಹಣ್ಣಿನಿಂದ ತೊಂದರೆಯಿಲ್ಲ, ಓಟೆಯಿಂದ ಇದೆ. ಬಾಯಲ್ಲಿ ಹಿಡಿದದ್ದನ್ನು ಕೊಡಬಾರದೆಂದು ಟೆರಿಯರ್ ಓಟೆಯನ್ನು ನುಂಗಿಬಿಡುತ್ತದೆ. ಕರುಳಿನಲ್ಲಿ ಅಡ್ಡ ನಿಂತರೆ ವಾಂತಿ ನಿಲ್ಲುವುದಿಲ್ಲ, ಶಸ್ತ್ರಚಿಕಿತ್ಸೆಯೊಂದೇ ದಾರಿ.

ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ, ಮೂರು ತಿಂಗಳ ಮೇಲೆ ರೇಬೀಸ್, ಆಮೇಲೆ ವರ್ಷಕ್ಕೊಮ್ಮೆ. ಇಲಿ ಹಿಡಿಯುವ ನಾಯಿಗೆ ಲೆಪ್ಟೋಸ್ಪೈರಾ (ಇಲಿಜ್ವರ) ಸೇರಿದ ಲಸಿಕೆಯೇ ಬೇಕೆಂದು ಕೇಳಿ ಹಾಕಿಸಿ. ಕುರಿಮಂದೆ ಓಡಾಡುವ ಕಡೆ ರಕ್ತ ಹೀರುವ ಉಣ್ಣೆಹುಳು ಜಾಸ್ತಿ. ನಡಿಗೆಯಿಂದ ಬಂದ ಮೇಲೆ ಕಿವಿಯ ಒಳಮಡಿಕೆ, ಬೆರಳ ಸಂದು, ಕಂಕುಳು ನೋಡುವುದು ನಿತ್ಯದ ಕೆಲಸವಾಗಲಿ. ಊಟ ಬಿಟ್ಟು ಮಂಕಾದ, ಮೂಗಿನಲ್ಲಿ ರಕ್ತ ಬಂದ ನಾಯಿಗೆ ಉಣ್ಣೆಜ್ವರ ಇರಬಹುದು, ರಕ್ತಪರೀಕ್ಷೆಗೆ ತಡಮಾಡಬೇಡಿ.

ಮರಿ ಕೊಳ್ಳುವಾಗ ತಾಯಿಯನ್ನು ನೋಡದೆ ಹಣ ಕೊಡಬೇಡಿ. ಬಿಳಿ ಹೆಚ್ಚಿರುವ ತಳಿಗಳಲ್ಲಿ ಹುಟ್ಟುಕಿವುಡು ಬರುತ್ತದೆ. ಮರಿ ಮಲಗಿದ್ದಾಗ ಹಿಂದಿನಿಂದ ಬೀಗದಕೈ ಗೊಂಚಲು ಅಲ್ಲಾಡಿಸಿ ನೋಡಿ. ಒಂದು ಕಿವಿ ಮಾತ್ರ ಕಿವುಡಾಗಿದ್ದರೆ ಇದರಿಂದ ತಿಳಿಯುವುದಿಲ್ಲ. ಓಡುವಾಗ ಹಿಂಗಾಲನ್ನು ಆಗಾಗ ಎತ್ತಿ ಕುಪ್ಪಳಿಸಿದರೆ ಮಂಡಿಚಿಪ್ಪು ಜಾರುತ್ತಿದೆ ಅಂತ. ಮೂರರಿಂದ ಎಂಟು ವರ್ಷದ ನಡುವೆ ಕಣ್ಣು ಏಕಾಏಕಿ ಕೆಂಪಾಗಿ, ಮಬ್ಬಾಗಿ, ಬೆಳಕು ಸಹಿಸದಾದರೆ ಕಣ್ಣಿನ ಮಸೂರ ಜಾರಿರಬಹುದು. ಅದು ಈ ತಳಿಯ ವಂಶದ ರೋಗ, ಅವತ್ತೇ ವೈದ್ಯರ ಬಳಿ ಹೋಗದಿದ್ದರೆ ಕಣ್ಣು ಉಳಿಯುವುದಿಲ್ಲ. ಗೇಟಿಗೆ ಬಂದವರ ಸುಳಿವು ಕೊಡಲು, ಅಪರೂಪಕ್ಕೊಂದು ಇಲಿ ಹಿಡಿಯಲು ನಾಯಿ ಬೇಕಿದ್ದರೆ, ಬೀದಿಯಲ್ಲಿ ಹುಟ್ಟಿದ ನಾಟಿಮರಿ ಆ ಕೆಲಸಕ್ಕೆ ಧಾರಾಳ ಸಾಕು, ಕಾಸೂ ಕೊಡಬೇಕಿಲ್ಲ. ಟೆರಿಯರ್ ಬೇಕಾಗುವುದು ದಿನಾ ಒಂದು ಗಂಟೆ ಮಣ್ಣಿನಲ್ಲಿ ಕೂರಲು ಸಿದ್ಧವಿರುವವರಿಗೆ.

ಅದೂ ಒಂದೆರಡು ವರ್ಷವಲ್ಲ. ಹದಿಮೂರರಿಂದ ಹದಿನಾರು ವರ್ಷ ಬದುಕುವ ನಾಯಿ ಇದು. ಹನ್ನೆರಡರ ಮೇಲೆ ಕಿವಿ ಮಂದವಾಗುತ್ತದೆ, ಆಗ ಸೀಟಿಯ ಬದಲು ನೆಲವನ್ನು ಕಾಲಿನಿಂದ ಎರಡು ಸಲ ತಟ್ಟಿ ಕರೆಯಬಹುದು. ಕಣ್ಣು ಮಂಜಾದರೂ ಮೂಗು ಕೊನೆಯವರೆಗೂ ದುಡಿಯುತ್ತದೆ. ಸುರಂಗ ಕೆಡವಬೇಡಿ. ತಿರುವನ್ನು ತೆಗೆದು ನೇರ ಮಾಡಿ, ಗೋಡೆಗಳನ್ನು ಹನ್ನೆರಡು ಇಂಚಿಗೆ ಸರಿಸಿ, ನಡುವಿನ ಒಂದು ಹಲಗೆ ತೆಗೆದಿಡಿ. ಬೇಡವೆನಿಸಿದ ಕಡೆ ಅದು ನಿಂತು ಹಿಂದಿರುಗಲಿ.